ಅಂಗಡಿ ಮುಂದೆ ನಿಂತ ಹುಡುಗರ ಬಗ್ಗೆ

ಪ್ರೀತಿಯ ಪುಟ್ಟೂ,

ನಿನ್ನ ಪತ್ರ ಸಿಕ್ಕಿತು. ಇಷ್ಟು ಉದ್ದ ಬರೆದಿದ್ದೀಯಲ್ಲ, ಅದೇ ನನಗೆ ಸಮಾಧಾನ. ಓದು ಮುಗಿದ ಮೇಲೆ ಏನು ಮಾಡಬೇಕೋ ತೋಚುತ್ತಿಲ್ಲ, ರಾತ್ರಿಯೆಲ್ಲ ಗೆಳೆಯರ ಜೊತೆ ಕೂತಿದ್ದು ಬೆಳಗಿನ ಜಾವ ಮನೆಗೆ ಬರುತ್ತೇನೆ, ಮಧ್ಯಾಹ್ನ ಏಳುತ್ತೇನೆ ಅಂತ ಮುಚ್ಚುಮರೆ ಇಲ್ಲದೆ ಬರೆದಿದ್ದೀಯ. ನೀವೆಲ್ಲ ಸೇರಿ ನೋಡುವ ಸಿನಿಮಾಗಳ ಪಟ್ಟಿಯನ್ನೂ ಕಳಿಸಿದ್ದೀಯ. ಹುಟ್ಟಿ ಬೆಳೆದ ಜಾಗ ಬಿಟ್ಟು ಹೋಗಲಾಗದೆ, ಅಲ್ಲಿ ಇರಲೂ ಆಗದೆ ದಿನ ತಳ್ಳುವ ಹುಡುಗ ಹುಡುಗಿಯರ ಕತೆಗಳು. ‘ದೊಡ್ಡಮ್ಮಾ, ಇವನ್ನು ಮಾಡಿದವರಿಗೆ ನಮ್ಮ ವಿಷಯ ಗೊತ್ತು’ ಅಂದಿದ್ದೀಯ. ನಿಜ, ಅವರಿಗೆ ಗೊತ್ತು. ಅದಕ್ಕೇ ಈ ಪತ್ರವನ್ನು ಆ ಸಿನಿಮಾಗಳ ಮೂಲಕವೇ ಬರೆಯೋಣ ಅನ್ನಿಸಿತು. ಪಟ್ಟಿಯಲ್ಲಿ ಕೆಲವು ನಾನು ಹಿಂದೆಯೇ ನೋಡಿದ್ದವು. ಉಳಿದವನ್ನು ಈಗ ಕೂತು ನೋಡಿದೆ.

‘ಸುಮ್ನೆ ಒಂದು ಕೆಲಸ ನೋಡ್ಕೋ’ ಅಂತ ಹೇಳೋಕೆ ನಾನು ಬರೆಯುತ್ತಿಲ್ಲ. ಆ ಮಾತು ನಿನ್ನ ಕಿವಿಗೆ ಸಾಕಷ್ಟು ಬಿದ್ದಿದೆ. ಬಿದ್ದೂ ಬಿದ್ದೂ ಅದಕ್ಕೆ ಅರ್ಥವೇ ಉಳಿದಿಲ್ಲ.

ಮೊದಲು ನಿನಗೆ ತುಂಬ ಹಿಡಿಸಿದ ‘ಸಬರ್ಬಿಯಾ’ ತೆಗೆದುಕೊಳ್ಳುತ್ತೇನೆ. 1996ರಲ್ಲಿ ರಿಚರ್ಡ್ ಲಿಂಕ್ಲೇಟರ್ ಮಾಡಿದ್ದು. ಎರಿಕ್ ಬೊಗೋಸಿಯನ್ ಬರೆದ ನಾಟಕ ಅದಕ್ಕೆ ಮೂಲ. ಕತೆ ದೊಡ್ಡದೇನಲ್ಲ. ರಾತ್ರಿಯೂ ತೆರೆದಿರುವ ಒಂದು ಅಂಗಡಿ, ಅದರ ಪಕ್ಕದ ಮೂಲೆ, ಅಲ್ಲಿ ದಿನವೂ ಬಂದು ನಿಲ್ಲುವ ಗೆಳೆಯರು. ಜೊತೆಗೆ ಓದಿದ ಒಬ್ಬ ಹಾಡುಗಾರನಾಗಿ ಹೆಸರು ಮಾಡಿದ್ದಾನೆ, ಆ ರಾತ್ರಿ ದೊಡ್ಡ ಕಾರಿನಲ್ಲಿ ಬರುತ್ತಾನೆ. ಅವನು ಬರುವ ಮೊದಲು ಎಲ್ಲರೂ ಅವನನ್ನು ಆಡಿಕೊಳ್ಳುತ್ತಾರೆ. ಬಂದ ಮೇಲೆ ಅವನ ಎದುರು ಒಬ್ಬೊಬ್ಬರ ಒಳಗಿರುವ ಆಸೆ, ಹೊಟ್ಟೆಕಿಚ್ಚು ಎಲ್ಲ ಹೊರಗೆ ಬರುತ್ತದೆ. ನಿನ್ನ ಕಣ್ಣು ಪೂರ್ತಿ ಈ ಗೆಳೆಯರ ಮೇಲೇ ಇತ್ತು ಅಂತ ಪತ್ರ ಓದಿದಾಗ ಗೊತ್ತಾಯಿತು. ಅವರಲ್ಲೊಬ್ಬನಾದ ಜೆಫ್ ಆಡುವ ಮಾತುಗಳನ್ನು ಬರೆದು ಕಳಿಸಿದ್ದೀಯ. ಆದರೆ ಅಂಗಡಿಯೊಳಗೆ ಇರುವವನ ಬಗ್ಗೆ ಒಂದು ಸಾಲೂ ಇಲ್ಲ.

ಇನ್ನೊಮ್ಮೆ ನೋಡಿದಾಗ ಅವನನ್ನು ನೋಡು. ಪಾಕಿಸ್ತಾನದಿಂದ ಬಂದು ಅಂಗಡಿ ನಡೆಸುತ್ತಿರುವವನು ಅವನು. ಇನ್ನೂ ಚಿಕ್ಕ ವಯಸ್ಸು. ಹೊರಗೆ ನಿಂತವರಿಗಿಂತ ಅಷ್ಟೇನೂ ದೊಡ್ಡವನಲ್ಲ. ಹೊರಗಿನವರಲ್ಲಿ ಒಬ್ಬ ಅವನ ಹುಟ್ಟು, ಬಣ್ಣ ಎತ್ತಿ ಅವಮಾನ ಮಾಡುತ್ತಾನೆ. ಅವನು ಕೌಂಟರ್ ಹಿಂದೆ ನಿಂತು ಸಾಮಾನು ಕೊಡುತ್ತಾನೆ, ದುಡ್ಡು ಎಣಿಸುತ್ತಾನೆ, ಜೊತೆಗೆ ಎಂಜಿನಿಯರಿಂಗ್ ಓದುತ್ತಿದ್ದಾನೆ. ಈ ಅಂಗಡಿ ಅವನಿಗೆ ದಾಟಿ ಹೋಗುವ ಸೇತುವೆ. ಹೊರಗಿನವರಿಗೆ ಅದೇ ಅಂಗಡಿ ಒರಗಿ ನಿಲ್ಲುವ ಗೋಡೆ. ಎರಡೂ ಒಂದೇ ಕಟ್ಟಡ, ಪುಟ್ಟೂ. ಒಂದೇ ಊರು, ಒಂದೇ ರಾತ್ರಿ. ಊರೇ ನಮ್ಮನ್ನು ಕಟ್ಟಿಹಾಕಿದೆ ಅಂತ ನೀನು ಬರೆದಿದ್ದನ್ನು ಓದುವಾಗ ನನಗೆ ಅವನದೇ ನೆನಪು ಬಂತು. ಅವನ ಬದುಕು ಹಗುರವಾಗಿತ್ತು ಅಂತ ನಾನು ಹೇಳುತ್ತಿಲ್ಲ. ಬೇರೆ ದೇಶ, ಮಾತು ಬೇರೆ, ದಿನವೂ ಬೈಗುಳ. ಆದರೂ ಅವನ ದಿನಕ್ಕೆ ಒಂದು ತುದಿ ಇದೆ, ಮುಂದಿನ ದಿನಕ್ಕೆ ಅದು ಗಂಟು ಹಾಕಿಕೊಂಡಿದೆ.

ಆ ಗುಂಪಿನಲ್ಲಿ ಇನ್ನೊಬ್ಬಳೂ ಇದ್ದಾಳೆ, ಬೀ ಬೀ. ಕುಡಿತದ ಚಟ ಬಿಡಿಸಿಕೊಂಡು ಬಂದವಳು, ಆಸ್ಪತ್ರೆಯಲ್ಲಿ ಕೆಲಸ ಮಾಡುವವಳು. ರಾತ್ರಿಯೆಲ್ಲ ಅವರ ಜೊತೆಗೇ ಇರುತ್ತಾಳೆ. ಎಲ್ಲರೂ ಜಗತ್ತಿನ ದುಃಖದ ಬಗ್ಗೆ ಗಂಟೆಗಟ್ಟಲೆ ಮಾತಾಡುತ್ತಾರೆ, ಪಕ್ಕದಲ್ಲಿ ಕೂತ ಹುಡುಗಿಯ ಮುಖ ಯಾರೂ ಸರಿಯಾಗಿ ನೋಡುವುದಿಲ್ಲ. ಕೊನೆಗೆ ಅವಳು ಪ್ರಜ್ಞೆ ತಪ್ಪಿ ಬಿದ್ದಿದ್ದು ಕಾಣುವಾಗ ಹೊತ್ತು ಮೀರಿದೆ. ಆಗ ಸಿಟ್ಟಾಗಿ ಕೂಗುವವನು ಅಂಗಡಿಯವನೇ. ಕೈಯಲ್ಲಿ ಇರುವುದನ್ನೆಲ್ಲ ಯಾಕೆ ಹೀಗೆ ಎಸೆಯುತ್ತೀರಿ ಅನ್ನುವುದು ಅವನ ಸಂಕಟ. ನನಗೆ ಆ ಸಿಟ್ಟು ಅರ್ಥವಾಗುತ್ತದೆ. ಪ್ರೀತಿ ಇಲ್ಲದವರಿಗೆ ಅಂಥ ಸಿಟ್ಟು ಬರುವುದಿಲ್ಲ.

ಇಷ್ಟು ಹೇಳಿ, ಆ ಹುಡುಗರ ಪರವಾಗಿಯೂ ಮಾತಾಡಬೇಕು. ಅವರು ಬರೀ ಸೋಮಾರಿಗಳು ಅಂತ ತಳ್ಳಿಹಾಕುವವರಿಗೆ ನಗರದ ಹೊರವಲಯದ ಆ ಬಡಾವಣೆಗಳು ಹೇಗೆ ಹುಟ್ಟಿದವು ಅಂತ ಗೊತ್ತಿರುವುದಿಲ್ಲ. ಎರಡನೇ ಮಹಾಯುದ್ಧ ಮುಗಿದಾಗ ಅಮೆರಿಕದಲ್ಲಿ ಲಕ್ಷಗಟ್ಟಲೆ ಸೈನಿಕರು ಮನೆಗೆ ಬಂದರು. 1944ರಲ್ಲೇ ಅವರಿಗಾಗಿ ಒಂದು ಕಾಯ್ದೆ ಬಂದಿತ್ತು. ಅದರಿಂದ ಕಾಲೇಜು ಓದಿಗೂ ಮನೆ ಸಾಲಕ್ಕೂ ಸಹಾಯ ಸಿಕ್ಕಿತು. ನ್ಯೂಯಾರ್ಕ್ ಹತ್ತಿರ ಲಾಂಗ್ ಐಲೆಂಡಿನ ಲೆವಿಟೌನ್‌ನಲ್ಲಿ 1947ರಿಂದ 1951ರ ಒಳಗೆ 17,000ಕ್ಕೂ ಹೆಚ್ಚು ಮನೆ ಎದ್ದವು. ಕಾರ್ಖಾನೆಯಲ್ಲಿ ಸಾಮಾನು ಜೋಡಿಸುವ ಹಾಗೆ, ಒಂದು ತಂಡ ತಳಪಾಯ ಹಾಕಿ ಮುಂದೆ ಹೋದರೆ ಇನ್ನೊಂದು ತಂಡ ಗೋಡೆ ನಿಲ್ಲಿಸುತ್ತಿತ್ತು. ಮನೆ ಕೊಂಡ ಅಪ್ಪ ಅಮ್ಮಂದಿರಿಗೆ ಅದು ಕನಸು ಕೈಗೆ ಬಂದ ಹಾಗಿತ್ತು. ಆ ಕನಸೂ ಎಲ್ಲರಿಗೆ ಇರಲಿಲ್ಲ. ಕಪ್ಪು ಜನರಿಗೆ ಅಲ್ಲಿ ಮನೆ ಮಾರುತ್ತಿರಲಿಲ್ಲ. ಅದನ್ನು ಮರೆತು ಆ ಕಾಲವನ್ನು ಹೊಗಳುವವರ ಮಾತು ನನಗೆ ಹಿಡಿಸುವುದಿಲ್ಲ.

1956ರಲ್ಲಿ ದೊಡ್ಡ ಹೆದ್ದಾರಿಗಳ ಕಾಯ್ದೆ ಬಂತು. ಅದೇ ವರ್ಷ ಮಿನೆಸೋಟಾದ ಈಡೈನಾದಲ್ಲಿ ಸೌತ್‌ಡೇಲ್ ಅನ್ನುವ, ಮೇಲೆ ಮಾಡು ಇರುವ ಪೂರಾ ಮುಚ್ಚಿದ ಮಾಲ್ ತೆರೆಯಿತು. ಮನೆ ಒಂದು ಕಡೆ, ಅಂಗಡಿ ಇನ್ನೊಂದು ಕಡೆ, ಕೆಲಸ ಮತ್ತೊಂದು ಕಡೆ. ಮನೆಗಳ ನಡುವೆ ಅಂಗಡಿ ಇಡಬಾರದು ಅಂತ ಕಾನೂನೇ ಇತ್ತು. ಎಲ್ಲಿಗೆ ಹೋಗಬೇಕಾದರೂ ಕಾರು ಬೇಕು. ಬಸ್ಸು ಅಪರೂಪ. ಮಕ್ಕಳಿಗೆ ಶಾಲೆ ಇತ್ತು, ಆಡಲು ಹುಲ್ಲಿನ ಅಂಗಳ ಇತ್ತು. ದೊಡ್ಡವರಿಗೆ ಕೆಲಸ, ಮನೆ. ಇವೆರಡರ ನಡುವಿನ ವಯಸ್ಸಿನವರಿಗೆ ಆ ನಕ್ಷೆಯಲ್ಲಿ ಜಾಗವೇ ಇರಲಿಲ್ಲ. ಕೂರಲು ಕಟ್ಟೆ ಇಲ್ಲ, ದುಡ್ಡು ಖರ್ಚು ಮಾಡದೆ ಹೊತ್ತು ಕಳೆಯುವ ಒಂದು ಮೂಲೆ ಇಲ್ಲ. ರಾತ್ರಿ ದೀಪ ಇರುವುದು ಅಂಗಡಿ ಮುಂದೆ ಕಾರು ನಿಲ್ಲಿಸುವ ಜಾಗದಲ್ಲಿ ಮಾತ್ರ. ಅಲ್ಲಿ ಹೋಗಿ ನಿಂತರು. ಸಿನಿಮಾದಲ್ಲಿ ಅದೇ ಜಾಗ ಮತ್ತೆ ಮತ್ತೆ ಬರುತ್ತದೆ ಅಂದರೆ ನಿರ್ದೇಶಕರಿಗೆ ಬೇರೆ ಜಾಗ ತೋಚಲಿಲ್ಲ ಅಂತಲ್ಲ. ಅವರೂ ಅಲ್ಲೇ ನಿಂತವರು.

ಹಾಗಾಗಿ ಎಲ್ಲ ತಪ್ಪೂ ನಿನ್ನದೇ ಅಂತ ನಿನ್ನ ಮೇಲೆ ಹೊರಿಸಿಕೊಳ್ಳಬೇಡ. ಒಬ್ಬ ಮನುಷ್ಯ ಎಲ್ಲಿ ನಿಲ್ಲುತ್ತಾನೆ ಅನ್ನುವುದರಲ್ಲಿ ಅವನು ಹುಟ್ಟುವ ಮೊದಲೇ ಯಾರೋ ಎಳೆದ ಗೆರೆಗಳ ಪಾಲು ಇರುತ್ತದೆ. ಆದರೆ ಆ ಗೆರೆ ಎಳೆದವರು ಬಂದು ನಿನ್ನನ್ನು ಅಲ್ಲಿಂದ ಎಬ್ಬಿಸುವುದಿಲ್ಲ.

ಈಗ ನಾನು ನಿನಗೆ ಹೇಳಲೇಬೇಕಾದ ಮಾತಿಗೆ ಬರುತ್ತೇನೆ. ಈ ಸಿನಿಮಾಗಳಲ್ಲಿ ಒಂದು ಸಂಗತಿ ಗಮನಿಸಿದ್ದೀಯಾ? ಹೆಚ್ಚಿನವು ಒಂದೇ ರಾತ್ರಿಯ ಕತೆ, ಇಲ್ಲವೇ ಒಂದೇ ದಿನದ್ದು. ‘ಸಬರ್ಬಿಯಾ’ ಒಂದು ರಾತ್ರಿ. ‘ಕ್ಲರ್ಕ್ಸ್’ ಒಂದು ದಿನ. ‘ಸ್ಲ್ಯಾಕರ್’ ಟೆಕ್ಸಸ್‌ನ ಆಸ್ಟಿನ್ ನಗರದಲ್ಲಿ ಬೆಳಗಿನಿಂದ ಮರುದಿನ ಬೆಳಗಿನವರೆಗೆ. ‘ಅಮೆರಿಕನ್ ಗ್ರಾಫಿಟಿ’ 1962ರ ಬೇಸಿಗೆಯ ಕೊನೆಯ ರಾತ್ರಿ. ಗುರಿ ಇಲ್ಲದ ಒಂದು ದಿನವನ್ನು ತೆರೆಯ ಮೇಲೆ ನೋಡುವುದು ಚಂದ, ಯಾಕೆಂದರೆ ಅದು ಮುಗಿಯುತ್ತದೆ. ಬೇಡದ ಹೊತ್ತನ್ನು ಯಾರೋ ಕತ್ತರಿಸಿ ತೆಗೆದಿದ್ದಾರೆ. ಒಳ್ಳೆಯ ಮಾತುಗಳನ್ನಷ್ಟೇ ಉಳಿಸಿದ್ದಾರೆ. ಹಿಂದೆ ಹಾಡು ಇಟ್ಟಿದ್ದಾರೆ. ಅದನ್ನು ನೋಡಿ ಎದ್ದ ಮೇಲೆ ನಿನ್ನ ರಾತ್ರಿಗೂ ಅದೇ ಬಣ್ಣ ಬಂದ ಹಾಗೆ ಕಾಣುತ್ತದೆ. ಸಿನಿಮಾ ಕೊಡುವ ಸಂತೋಷ ಅದು, ತಪ್ಪಲ್ಲ. ಆದರೆ ನಿನ್ನ ರಾತ್ರಿಗಳಿಗೆ ಕತ್ತರಿ ಹಿಡಿದು ಕೂತವರು ಯಾರೂ ಇಲ್ಲ. ಒಂದಕ್ಕೊಂದು ಅಂಟಿಕೊಂಡು ಅವು ವರ್ಷವಾಗುತ್ತವೆ.

‘ಅಮೆರಿಕನ್ ಗ್ರಾಫಿಟಿ’ ಮಾಡಿದ ಜಾರ್ಜ್ ಲ್ಯೂಕಸ್‌ಗೆ ಇದು ಚೆನ್ನಾಗಿ ಗೊತ್ತಿತ್ತು. ಕ್ಯಾಲಿಫೋರ್ನಿಯಾದ ಮೊಡೆಸ್ಟೋ ಅವನ ಊರು. ಕಾರುಗಳ ಹುಚ್ಚು. 1962ರಲ್ಲಿ, ಶಾಲೆ ಮುಗಿಯಲು ಇನ್ನೇನು ಕೆಲವೇ ದಿನ ಇರುವಾಗ ಅವನ ಕಾರಿಗೆ ಭಾರಿ ಅಪಘಾತವಾಯಿತು, ಬದುಕಿ ಉಳಿದ. ಸಿನಿಮಾ ಬಂದಿದ್ದು 1973ರಲ್ಲಿ. ಇಡೀ ಚಿತ್ರದಲ್ಲಿ ಹುಡುಗರು ಕಾರಿನಲ್ಲಿ ಊರು ಸುತ್ತುತ್ತಾರೆ, ರೇಡಿಯೋ ಹಾಡುತ್ತಲೇ ಇರುತ್ತದೆ. ಕೊನೆಯಲ್ಲಿ ನಾಲ್ಕು ಹುಡುಗರ ಮುಖ, ಪಕ್ಕದಲ್ಲಿ ಎರಡೆರಡು ಸಾಲು. ಒಬ್ಬ 1964ರಲ್ಲಿ ಕುಡಿದು ಕಾರು ಓಡಿಸಿದವನ ಕೈಯಲ್ಲಿ ಸತ್ತ. ಒಬ್ಬ 1965ರಲ್ಲಿ ವಿಯೆಟ್ನಾಂ ಯುದ್ಧದಲ್ಲಿ ಕಾಣೆಯಾದ. ಒಬ್ಬ ಮೊಡೆಸ್ಟೋದಲ್ಲೇ ವಿಮೆ ಏಜೆಂಟ್. ಇನ್ನೊಬ್ಬ ಕೆನಡಾದಲ್ಲಿ ಬರಹಗಾರ. ಎರಡು ಗಂಟೆ ಹಾಡು ಕೇಳಿಸಿ, ಒಂದು ನಿಮಿಷದಲ್ಲಿ ಕಾಲ ಏನು ಮಾಡಿತು ಅಂತ ಹೇಳಿಬಿಡುತ್ತಾನೆ. ಆ ಸಾಲುಗಳು ಬರುವ ಹೊತ್ತಿಗೆ ಎದ್ದು ಹೋಗಬೇಡ.

ಇನ್ನು ‘ಕ್ಲರ್ಕ್ಸ್’ ಮಾಡಿದ ಕೆವಿನ್ ಸ್ಮಿತ್. ಇವನ ಬಗ್ಗೆ ಸ್ವಲ್ಪ ಜಾಸ್ತಿ ಬರೆಯುತ್ತೇನೆ, ಯಾಕೆಂದರೆ ನಿನ್ನ ಪತ್ರಕ್ಕೆ ನೇರ ಉತ್ತರ ಅವನಲ್ಲಿದೆ. ನ್ಯೂಜರ್ಸಿಯಲ್ಲಿ ಲಿಯೊನಾರ್ಡೋ ಅಂತ ಒಂದು ಜಾಗ. ಅಲ್ಲಿ ಕ್ವಿಕ್ ಸ್ಟಾಪ್ ಅನ್ನುವ ಅಂಗಡಿಯಲ್ಲಿ ಅವನಿಗೆ ಕೆಲಸ. 1991ರಲ್ಲಿ, ಅವನ 21ನೇ ಹುಟ್ಟುಹಬ್ಬಕ್ಕೆ, ನ್ಯೂಯಾರ್ಕಿಗೆ ಹೋಗಿ ‘ಸ್ಲ್ಯಾಕರ್’ ನೋಡಿದ. ನೀನು ನೋಡಿದ ಅದೇ ಸಿನಿಮಾ. ತೆರೆಯ ಮೇಲೆ ತನ್ನ ಥರದವರನ್ನು ಕಂಡ. ನಿನಗೆ ಆದದ್ದೇ ಅವನಿಗೂ ಆಯಿತು. ಆದರೆ ಅವನು ಅಲ್ಲಿಗೆ ನಿಲ್ಲಲಿಲ್ಲ. ಇದೂ ಸಿನಿಮಾ ಆಗುವುದಾದರೆ ನಾನೂ ಒಂದು ಮಾಡಬಲ್ಲೆ ಅಂದುಕೊಂಡ. ವ್ಯಾಂಕೂವರ್‌ನಲ್ಲಿ ಸಿನಿಮಾ ಶಾಲೆ ಸೇರಿದ, ಕೆಲವು ತಿಂಗಳಲ್ಲೇ ಬಿಟ್ಟ, ಉಳಿದ ದುಡ್ಡನ್ನು ಸಿನಿಮಾಕ್ಕೆ ಇಟ್ಟುಕೊಂಡ. ಕ್ರೆಡಿಟ್ ಕಾರ್ಡುಗಳಲ್ಲಿ ಸಾಲ ಎತ್ತಿದ. ಕೂಡಿಟ್ಟಿದ್ದ ಕಾಮಿಕ್ಸ್ ಪುಸ್ತಕಗಳನ್ನು ಮಾರಿದ. ಒಟ್ಟು 27,575 ಡಾಲರಿನಲ್ಲಿ ‘ಕ್ಲರ್ಕ್ಸ್’ ಮಾಡಿದ. ಕಪ್ಪು ಬಿಳುಪಿನಲ್ಲೇ ತೆಗೆದ, ಅದು ಅಗ್ಗ.

ಹಗಲು ಅದೇ ಅಂಗಡಿಯಲ್ಲಿ ಕೆಲಸ, ರಾತ್ರಿ ಅಂಗಡಿ ಮುಚ್ಚಿದ ಮೇಲೆ ಅಲ್ಲೇ ಶೂಟಿಂಗ್. ಒಂದು ತೊಡಕು ಬಂತು. ಕತೆ ನಡೆಯುವುದು ಹಗಲಿನಲ್ಲಿ, ಕ್ಯಾಮೆರಾ ಓಡುವುದು ರಾತ್ರಿಯಲ್ಲಿ. ಕಿಟಕಿಯಲ್ಲಿ ಕತ್ತಲೆ ಕಂಡರೆ ಕೆಟ್ಟಿತು. ಅದಕ್ಕೆ ಅವನು ಕತೆಯೊಳಗೇ ದಾರಿ ಮಾಡಿದ. ಯಾರೋ ಬೀಗಕ್ಕೆ ಚೂಯಿಂಗ್ ಗಮ್ ತುರುಕಿದ್ದಾರೆ, ಶಟರ್ ಏಳುತ್ತಿಲ್ಲ. ಅಂಗಡಿ ತೆರೆದಿದೆ ಅಂತ ಜನಕ್ಕೆ ಗೊತ್ತಾಗಬೇಕಲ್ಲ, ಬೆಡ್‌ಶೀಟಿನ ಮೇಲೆ ಶೂ ಪಾಲಿಶಿನಲ್ಲಿ ದೊಡ್ಡದಾಗಿ ಬರೆದು ನೇತುಹಾಕುತ್ತಾನೆ ಅಂಗಡಿಯ ಹುಡುಗ. ನೀವು ಗೆಳೆಯರು ನಕ್ಕಿದ್ದೀರಲ್ಲ, ಆ ಬೆಡ್‌ಶೀಟು ಹುಟ್ಟಿದ್ದು ಕೈಯಲ್ಲಿ ದುಡ್ಡಿಲ್ಲದ, ಹಗಲಿನಲ್ಲಿ ಬಿಡುವಿಲ್ಲದ ಒಬ್ಬ ಹುಡುಗನ ಇಕ್ಕಟ್ಟಿನಿಂದ. 1994ರಲ್ಲಿ ಸನ್‌ಡಾನ್ಸ್ ಚಿತ್ರೋತ್ಸವದಲ್ಲಿ ಆ ಚಿತ್ರ ತೋರಿಸಿದರು. ಅಲ್ಲಿಂದ ಅವನ ದಾರಿ ತೆರೆಯಿತು.

ಅವನಿಗೆ ಧೈರ್ಯ ಕೊಟ್ಟ ‘ಸ್ಲ್ಯಾಕರ್’ ಬಂದ ದಾರಿಯೂ ಹೀಗೇ ಇದೆ. ಅದನ್ನು ಮಾಡಿದವನೂ ‘ಸಬರ್ಬಿಯಾ’ದ ಲಿಂಕ್ಲೇಟರೇ, ಓದು ಬಿಟ್ಟವನು. ಸಮುದ್ರದ ನಡುವಿನ ಎಣ್ಣೆ ತೆಗೆಯುವ ರಿಗ್ಗಿನಲ್ಲಿ ದುಡಿದ. ಆ ದುಡ್ಡಿನಲ್ಲಿ ಕ್ಯಾಮೆರಾ ಕೊಂಡ, ಆಸ್ಟಿನ್‌ಗೆ ಬಂದ, ಸಿಕ್ಕಿದ ಸಿನಿಮಾ ಎಲ್ಲ ನೋಡಿದ. 1985ರಲ್ಲಿ ಗೆಳೆಯರ ಜೊತೆ ಸೇರಿ ಆಸ್ಟಿನ್ ಫಿಲ್ಮ್ ಸೊಸೈಟಿ ಶುರು ಮಾಡಿದ. ಸುಮಾರು 23,000 ಡಾಲರಿನಲ್ಲಿ ‘ಸ್ಲ್ಯಾಕರ್’ ತೆಗೆದ. ಕೆಲಸವಿಲ್ಲದವರು, ಹರಟೆ ಹೊಡೆಯುವವರು, ಬೀದಿಯಲ್ಲಿ ಅಡ್ಡಾಡುವವರು, ನೂರರ ಆಸುಪಾಸು ಪಾತ್ರಗಳು. ಆ ನೂರು ಜನರನ್ನು ಹೇಳಿದ ಹೊತ್ತಿಗೆ ಹೇಳಿದ ಜಾಗಕ್ಕೆ ಬರುವಂತೆ ಮಾಡಲು ಎಷ್ಟು ಓಡಾಟ ಬೇಕು ಅಂತ ಯೋಚಿಸು. ಏನೂ ಮಾಡದವರ ಬಗ್ಗೆ ಸಿನಿಮಾ ಮಾಡಬೇಕಾದರೆ ಬೆಳಗ್ಗೆ ಏಳಲೇಬೇಕು.

ನಿನ್ನನ್ನು ಸಿನಿಮಾ ಮಾಡು ಅಂತ ನಾನು ದೂಡುತ್ತಿಲ್ಲ. ಸಾಲ ಮಾಡು ಅಂತಂತೂ ಖಂಡಿತ ಅಲ್ಲ. ಕೆವಿನ್ ಸ್ಮಿತ್ ಗೆದ್ದ, ಹಾಗೆ ಸಾಲ ಎತ್ತಿ ಮುಳುಗಿದವರ ಹೆಸರು ನಮಗೆ ಗೊತ್ತಾಗುವುದಿಲ್ಲ. ನಾನು ಹೇಳುವುದು ಇಷ್ಟೇ. ನಿನ್ನಂಥವರನ್ನು ತೆರೆಯ ಮೇಲೆ ಕಂಡಾಗ ಎರಡು ದಾರಿ ಇರುತ್ತವೆ. ಅದರಲ್ಲಿ ಒರಗಿ ಕೂರಬಹುದು. ಇಲ್ಲ, ಅದು ನನ್ನಿಂದ ಏನು ಕೇಳುತ್ತಿದೆ ಅಂತ ನೋಡಬಹುದು. ನಿನ್ನ ಪತ್ರದಲ್ಲಿ ಒರಗಿ ಕೂತಿದ್ದು ಜಾಸ್ತಿ ಕಂಡಿತು. ಅದಕ್ಕೇ ನನಗೆ ಚಿಂತೆ.

ಪಟ್ಟಿಯಲ್ಲಿ ಎಲ್ಲಕ್ಕಿಂತ ಹಳೆಯದು ನಿರ್ದೇಶಕ ಫೆಲಿನಿಯ ‘ಇ ವಿಟೆಲ್ಲೋನಿ’, 1953ರದ್ದು. ಇಟಲಿಯ ಕಡಲ ತೀರದ ಊರು, ಮೂವತ್ತರ ಹತ್ತಿರ ಬಂದರೂ ಮನೆಯ ಅನ್ನದಲ್ಲೇ ಇರುವ ಐದು ಗೆಳೆಯರು. ಅದರಲ್ಲಿ ಆಲ್ಬರ್ಟೋ ಅನ್ನುವವನನ್ನು ನೀವು ಬಹಳ ಮೆಚ್ಚಿದ್ದೀರಿ. ನಗಿಸುತ್ತಾನೆ, ನಿಜ. ಅವನ ಮನೆಯಲ್ಲಿ ದುಡಿಯುವುದು ಅಕ್ಕ ಓಲ್ಗಾ ಒಬ್ಬಳೇ. ಅವನಿಗೆ ಬೇಕಾದಾಗ ದುಡ್ಡೂ ಅವಳೇ ಕೊಡುತ್ತಾಳೆ. ಅವಳಿಗೆ ಮದುವೆಯಾದ ಒಬ್ಬನ ಮೇಲೆ ಪ್ರೀತಿ. ಆಲ್ಬರ್ಟೋ ಅವಳಿಗೆ ಮನೆಯ ಮರ್ಯಾದೆ, ಅಮ್ಮನ ಕಣ್ಣೀರು ಅಂತ ಬುದ್ಧಿ ಹೇಳುತ್ತಾನೆ. ಕಾರ್ನಿವಲ್ ರಾತ್ರಿ ಹೆಣ್ಣಿನ ವೇಷ ಹಾಕಿ ಕುಣಿದು, ಕುಡಿದು, ಬೆಳಗಾಗುವಾಗ ಮನೆಗೆ ಬಂದರೆ ಅಕ್ಕ ಪೆಟ್ಟಿಗೆ ಹಿಡಿದು ಹೊರಟಿದ್ದಾಳೆ. ಅಮ್ಮ ಅಳುತ್ತಿದ್ದಾಳೆ. ಇನ್ನು ನಾನು ಕೆಲಸ ಹುಡುಕುತ್ತೇನೆ ಅನ್ನುತ್ತಾನೆ. ಅಮ್ಮ ಸಿಕ್ಕಿತಾ ಅಂತ ಕೇಳಿದರೆ ಅವನ ಬಳಿ ಉತ್ತರ ಇಲ್ಲ. ಆ ವೇಷದಲ್ಲೇ ಕುರ್ಚಿಯಲ್ಲಿ ಕುಸಿದು ನಿದ್ದೆ ಹೋಗುತ್ತಾನೆ.

ಆ ದೃಶ್ಯ ನೋಡಿದಾಗ ನನಗೆ ನಿಮ್ಮ ಅಕ್ಕ ಕಣ್ಣ ಮುಂದೆ ಬಂದಳು. ಇದನ್ನು ಬರೆಯಬೇಕೋ ಬೇಡವೋ ಅಂತ ಯೋಚಿಸಿದೆ. ಬರೆಯುವುದೇ ಸರಿ ಅನ್ನಿಸಿತು. ಅವಳು ಯಾರ ಹತ್ತಿರವೂ ದೂರಿಲ್ಲ. ನಿನ್ನ ಫೋನಿನ ದುಡ್ಡು ಕಟ್ಟುವುದು ಅವಳಿಗೆ ಭಾರ ಅಂತಲೂ ಅಂದಿಲ್ಲ. ಆದರೆ ನಿನ್ನ ಬಿಡುವಿನ ಹೊತ್ತು ಆಕಾಶದಿಂದ ಉದುರಿಲ್ಲ, ಪುಟ್ಟೂ. ಯಾರದೋ ದುಡಿಮೆಯ ಹೊತ್ತು ಅದು. ನಾಚಿಕೆಪಡು ಅಂತ ಹೇಳುತ್ತಿಲ್ಲ. ನಾಚಿಕೆಯಿಂದ ಮನುಷ್ಯ ಇನ್ನೂ ಮುದುಡಿಕೊಳ್ಳುತ್ತಾನೆ ಅಷ್ಟೇ. ಈ ತಿಂಗಳಿನಿಂದ, ಎಷ್ಟು ಚಿಕ್ಕ ಮೊತ್ತವಾದರೂ ಸರಿ, ನೀನೇ ದುಡಿದಿದ್ದನ್ನು ಅವಳ ಕೈಗೆ ಕೊಡು. ಅವಳು ಬೇಡ ಅನ್ನುತ್ತಾಳೆ. ಆದರೂ ಕೊಡು.

ಅದೇ ಚಿತ್ರದ ಲಿಯೊಪೋಲ್ಡೋ ಬಗ್ಗೆಯೂ ಒಂದು ಮಾತು. ರಾತ್ರಿಯೆಲ್ಲ ನಾಟಕ ಬರೆಯುತ್ತಾನೆ. ಹಳೆಯ ಹೆಸರಾಂತ ನಟನೊಬ್ಬ ಊರಿಗೆ ಬಂದಾಗ ಅವನಿಗೆ ಓದಿ ಹೇಳುತ್ತಾನೆ. ಆ ನಟನಿಗೆ ನಾಟಕ ಬೇಕಿರಲಿಲ್ಲ, ಅವನ ಉದ್ದೇಶ ಬೇರೆ. ಅದು ಗೊತ್ತಾದಾಗ ಲಿಯೊಪೋಲ್ಡೋ ಹೆದರಿ ಓಡಿಬಿಡುತ್ತಾನೆ. ಅವನ ಮೇಲೆ ನನಗೆ ತುಂಬ ಕನಿಕರ. ಬರೆಯುವ ಮನಸ್ಸಿತ್ತು, ಒಂದು ಬಾಗಿಲು ತಟ್ಟಿದ, ಅದು ಕೆಟ್ಟ ಬಾಗಿಲಾಗಿತ್ತು. ನೀನೂ ಎರಡು ಕಡೆ ಅರ್ಜಿ ಹಾಕಿ ಉತ್ತರ ಬರಲಿಲ್ಲ ಅಂತ ಬರೆದಿದ್ದೀಯ. ತಟ್ಟಿದ ಮೊದಲ ಬಾಗಿಲು ಹೇಗಿತ್ತು ಅನ್ನುವುದರಿಂದ ಊರಿನ ಬಾಗಿಲುಗಳೆಲ್ಲ ಹೀಗೇ ಅಂತ ಲೆಕ್ಕ ಹಾಕಬೇಡ.

‘ಘೋಸ್ಟ್ ವರ್ಲ್ಡ್’ ಬಗ್ಗೆ ಸ್ವಲ್ಪವೇ ಹೇಳುತ್ತೇನೆ. 2001ರ ಆ ಚಿತ್ರದಲ್ಲಿ ಈನಿಡ್ ಮತ್ತು ರೆಬೆಕಾ ಶಾಲೆ ಮುಗಿಸಿ, ಎದುರಿಗೆ ಬಂದವರನ್ನೆಲ್ಲ ಅಣಕಿಸುತ್ತಾ ತಿರುಗುತ್ತಾರೆ. ಈನಿಡ್ ಚುರುಕು ಹುಡುಗಿ. ಎಲ್ಲರ ಸುಳ್ಳೂ ಅವಳಿಗೆ ಕಾಣುತ್ತದೆ. ಅಣಕಿಸಿ ಅಣಕಿಸಿ ಕೊನೆಗೆ ಕೈ ಹಾಕಬಹುದಾದ ಒಂದು ಕೆಲಸವೂ ಅವಳಿಗೆ ಉಳಿಯುವುದಿಲ್ಲ. ರೆಬೆಕಾ ಕಾಫಿ ಅಂಗಡಿಯಲ್ಲಿ ಕೆಲಸಕ್ಕೆ ಸೇರುತ್ತಾಳೆ, ಬಾಡಿಗೆ ಮನೆ ನೋಡುತ್ತಾಳೆ. ಅವಳನ್ನು ಪೆದ್ದಿ ಅಂತ ನೋಡಬೇಡ. ನಿಮ್ಮ ಗುಂಪಿನಲ್ಲಿ ಒಬ್ಬ ಕೆಲಸಕ್ಕೆ ಸೇರಿದಾಗ ಎಲ್ಲರೂ ಅವನನ್ನು ಆಡಿಕೊಂಡಿರಿ ಅಂತ ನೀನೇ ಬರೆದಿದ್ದೀಯ. ಅದು ನನಗೆ ಇಷ್ಟವಾಗಲಿಲ್ಲ. ಎದ್ದವನ ಕಾಲು ಎಳೆಯುವ ಗೆಳೆತನ ಗೆಳೆತನವೇ ಅಲ್ಲ.

ಇಷ್ಟೆಲ್ಲ ಓದಿ, ಹಾಗಾದರೆ ಊರು ಬಿಟ್ಟು ಹೊರಡಬೇಕು ಅಂತ ನಿನಗೆ ಅನ್ನಿಸಬಹುದು. ಹೊರಡಬಹುದು. ಫೆಲಿನಿ ಹೊರಟವನು. 1920ರಲ್ಲಿ ರಿಮಿನಿಯಲ್ಲಿ ಹುಟ್ಟಿ, 1939ರಲ್ಲಿ ರೋಮಿಗೆ ಹೋದ. ಅವನ ಚಿತ್ರದ ಮೊರಾಲ್ಡೋ ಕೂಡ ಕೊನೆಗೆ ಬೆಳಗಿನ ರೈಲು ಹತ್ತುತ್ತಾನೆ. ಎಲ್ಲಿಗೆ ಅಂತ ಅವನಿಗೇ ಗೊತ್ತಿಲ್ಲ. ಆದರೆ ಹೊರಡುವುದೇ ಮದ್ದು ಅಂತ ನಾನು ನಂಬುವುದಿಲ್ಲ. ನೋಡಿದ ಚಿತ್ರಗಳಲ್ಲಿ ನನಗೆ ಎಲ್ಲಕ್ಕಿಂತ ಹತ್ತಿರವಾದದ್ದು ಯಾರೂ ಊರು ಬಿಡದ ಒಂದು ಕತೆ. ನಿನ್ನ ಪಟ್ಟಿಯಲ್ಲಿ ಅದು ಇಲ್ಲ. ದಯವಿಟ್ಟು ನೋಡು.

1979ರ ‘ಬ್ರೇಕಿಂಗ್ ಅವೇ’. ಪೀಟರ್ ಯೇಟ್ಸ್ ನಿರ್ದೇಶನ. ಬರೆದವನು ಸ್ಟೀವ್ ಟೆಸಿಚ್, ಯುಗೊಸ್ಲಾವಿಯಾದಿಂದ ಹುಡುಗನಾಗಿದ್ದಾಗ ಅಮೆರಿಕಕ್ಕೆ ಬಂದವನು. ಈ ಚಿತ್ರಕಥೆಗೆ ಅವನಿಗೆ ಆಸ್ಕರ್ ಬಂತು. ಇಂಡಿಯಾನಾದ ಬ್ಲೂಮಿಂಗ್‌ಟನ್ ಅನ್ನುವ ವಿಶ್ವವಿದ್ಯಾಲಯದ ಊರು. ಅಲ್ಲಿನ ಸುಣ್ಣದ ಕಲ್ಲು ದೇಶಕ್ಕೆಲ್ಲ ಹೆಸರಾದದ್ದು, ಎಂಪೈರ್ ಸ್ಟೇಟ್ ಕಟ್ಟಡಕ್ಕೂ ಅದೇ ಕಲ್ಲು ಹೋಗಿದೆ. ಕಲ್ಲು ಕಡಿಯುವವರ ಮಕ್ಕಳು ನಾಲ್ವರು, ಹತ್ತೊಂಬತ್ತರ ವಯಸ್ಸು. ಅಪ್ಪಂದಿರ ಕೆಲಸ ಮುಗಿದುಹೋಗಿದೆ, ಕಾಲೇಜು ತಮ್ಮಂಥವರಿಗಲ್ಲ ಅಂದುಕೊಂಡಿದ್ದಾರೆ. ನೀರು ತುಂಬಿದ ಹಳೆಯ ಕ್ವಾರಿಯಲ್ಲಿ ಈಜುತ್ತಾ ದಿನ ಕಳೆಯುತ್ತಾರೆ. ಅವರಲ್ಲಿ ಮೈಕ್ ಅನ್ನುವವನಿಗೆ ಒಂದು ಉರಿ ಇದೆ. ಕಾಲೇಜಿನ ಹುಡುಗರು ಪ್ರತಿ ವರ್ಷ ಹೊಸಬರಾಗಿ ಬರುತ್ತಲೇ ಇರುತ್ತಾರೆ, ನಾನು ಮಾತ್ರ ಇಲ್ಲೇ ನಿಂತು ಮುದುಕನಾಗುತ್ತೇನೆ ಅನ್ನುವ ಉರಿ. ನಿನ್ನ ಪತ್ರದಲ್ಲೂ ಆ ಉರಿ ಇತ್ತು.

ಅದರಲ್ಲಿ ಒಂದು ದೃಶ್ಯ. ಡೇವ್ ಅನ್ನುವ ಹುಡುಗ ಮತ್ತು ಅವನ ಅಪ್ಪ ರಾತ್ರಿ ವಿಶ್ವವಿದ್ಯಾಲಯದ ಆವರಣದಲ್ಲಿ ನಡೆಯುತ್ತಾರೆ. ಅಪ್ಪ ಈಗ ಹಳೆಯ ಕಾರು ಮಾರುವವನು, ಮೊದಲು ಕಲ್ಲು ಕಡಿದವನು. ಎದುರಿನ ಕಟ್ಟಡಕ್ಕೆ ಕಲ್ಲು ಕಡಿದದ್ದು ತಾನು ಅಂತ ಮಗನಿಗೆ ಹೇಳುತ್ತಾನೆ. ಕೆಲಸ ಮಾಡುವಾಗ ಹೆಮ್ಮೆ ಇತ್ತು, ಕಟ್ಟಡ ಎದ್ದು ನಿಂತ ಮೇಲೆ ಯಾಕೋ ಅದು ನಮ್ಮಂಥವರಿಗಲ್ಲ ಅನ್ನಿಸಿಬಿಟ್ಟಿತು ಅನ್ನುತ್ತಾನೆ. ಅಷ್ಟು ಹೊತ್ತು ಮಗನನ್ನು ಬೈಯುತ್ತಲೇ ಇದ್ದ ಅಪ್ಪ ಅವನು. ಆ ರಾತ್ರಿ ಮೊದಲ ಸಲ ತನ್ನ ನೋವನ್ನು ಮಗನ ಎದುರು ಇಡುತ್ತಾನೆ. ನಿಮ್ಮಪ್ಪ ನಿನ್ನ ಮೇಲೆ ರೇಗುವಾಗ ಒಳಗೆ ಇಂಥ ಒಂದು ಮಾತು ಇರಬಹುದು. ಅವರ ಮೊದಲ ಕೆಲಸ ಹೇಗಿತ್ತು ಅಂತ ಒಂದು ದಿನ ಕೇಳಿ ನೋಡು.

ಆಮೇಲೆ ಸೈಕಲ್ ಪಂದ್ಯ ಬರುತ್ತದೆ. ಒಂದು ತಂಡಕ್ಕೆ ನಾಲ್ವರು, ಸರದಿಯಲ್ಲಿ ಓಡಿಸಬೇಕು. ಡೇವ್ ಒಬ್ಬನೇ ನಿಜವಾದ ಸೈಕಲ್‌ಗಾರ. ಉಳಿದ ಮೂವರೂ ಅವನೇ ನೋಡಿಕೊಳ್ಳುತ್ತಾನೆ ಅಂತ ಕೂತಿರುತ್ತಾರೆ. ಪಂದ್ಯದ ನಡುವೆ ಅವನಿಗೆ ಪೆಟ್ಟಾಗುತ್ತದೆ. ಆಗ ಬೇರೆ ದಾರಿ ಇಲ್ಲದೆ ಈ ಮೂವರು ಸೈಕಲ್ ಹತ್ತುತ್ತಾರೆ. ಚೆನ್ನಾಗೇನೂ ಓಡಿಸುವುದಿಲ್ಲ, ಆದರೆ ಓಡಿಸುತ್ತಾರೆ. ಕೊನೆಗೆ ಡೇವ್ ಕಾಲನ್ನು ಪೆಡಲಿಗೆ ಟೇಪಿನಿಂದ ಬಿಗಿಸಿಕೊಂಡು ಮತ್ತೆ ಇಳಿಯುತ್ತಾನೆ. ಬೆನ್ನ ಮೇಲಿನ ಅಂಗಿಯಲ್ಲಿ ‘ಕಟರ್ಸ್’ ಅಂತ ಬರೆದಿದೆ. ಕಲ್ಲು ಕಡಿಯುವವರು ಅಂತ ಕಾಲೇಜಿನವರು ಕೀಳಾಗಿ ಕರೆಯುತ್ತಿದ್ದ ಹೆಸರನ್ನೇ ತಂಡಕ್ಕೆ ಇಟ್ಟುಕೊಂಡಿದ್ದಾರೆ. ಅದೇ ಊರು, ಅದೇ ನಾಲ್ಕು ಗೆಳೆಯರು.

ಹಾಗಾಗಿ ನಿನ್ನ ಗೆಳೆಯರನ್ನು ಬಿಡು ಅಂತ ನಾನು ಹೇಳುವುದಿಲ್ಲ. ಅವರ ಜೊತೆ ಕೂರುವುದರ ಬದಲು ಅವರ ಜೊತೆ ಏನಾದರೂ ಒಂದನ್ನು ಮುಗಿಸು. ಏನು ಅನ್ನುವುದು ಅಷ್ಟು ಮುಖ್ಯವಲ್ಲ. ಅದಕ್ಕೆ ಒಂದು ಕೊನೆಯ ದಿನ ಇರಲಿ, ನೀವು ಬರದಿದ್ದರೆ ಬೇಸರಪಡುವ ಒಬ್ಬ ಹೊರಗಿನವರು ಇರಲಿ. ಯಾರೂ ಕಾಯದ ಕೆಲಸ ಕೈ ಜಾರಿ ಹೋಗುತ್ತದೆ. ಇಡೀ ಬದುಕನ್ನು ಈಗಲೇ ತೀರ್ಮಾನ ಮಾಡು ಅಂತ ನಿನ್ನನ್ನು ಯಾರು ಒತ್ತಾಯ ಮಾಡಿದರೂ ಕೇಳಬೇಡ. ಆ ಭಾರಕ್ಕೇ ಎಷ್ಟೋ ಮಕ್ಕಳು ಏನೂ ಮಾಡದೆ ಕೂರುತ್ತಾರೆ. ಆರು ತಿಂಗಳಿಗೆ ಸಾಕಾಗುವ ಒಂದು ತೀರ್ಮಾನ ಮಾಡು. ತಪ್ಪಾದರೆ ಬದಲಾಯಿಸಿದರಾಯಿತು, ಅಲ್ವಾ? ಬೆಳಗ್ಗೆ ಏಳುವ ಹೊತ್ತನ್ನು ಮಾತ್ರ ಮೊದಲು ಸರಿ ಮಾಡಿಕೋ. ಹಗಲು ಕಳೆದುಕೊಂಡವರಿಗೆ ಹಗಲಿನಲ್ಲಿ ನಡೆಯುವ ಕೆಲಸ, ಭೇಟಿಯಾಗುವ ಜನ ಎಲ್ಲವೂ ತಪ್ಪಿಹೋಗುತ್ತದೆ.

ಒಂದು ವಿಷಯ ಮಾತ್ರ ತಡಮಾಡಬೇಡ. ಕೆಲವು ದಿನ ಹಾಸಿಗೆಯಿಂದ ಏಳಲೇ ಆಗುವುದಿಲ್ಲ, ಯಾವುದೂ ರುಚಿಸುವುದಿಲ್ಲ ಅಂತ ಬರೆದಿದ್ದೀಯ. ಅದು ಸೋಮಾರಿತನ ಅಲ್ಲದೆ ಬೇರೆಯೇ ಇರಬಹುದು. ಅದಕ್ಕೆ ಡಾಕ್ಟರ್ ಇದ್ದಾರೆ, ಮದ್ದಿದೆ. ಜ್ವರಕ್ಕೆ ಹೋಗುವಷ್ಟೇ ಸಹಜವಾಗಿ ಹೋಗಬೇಕು. ಒಬ್ಬನೇ ಹೋಗಲು ಹಿಂಜರಿಕೆಯಾದರೆ ನಾನು ಬರುತ್ತೇನೆ. ಅಮ್ಮನಿಗೆ ಹೇಗೆ ಹೇಳುವುದು ಅಂತ ಅಂಜಬೇಡ, ನನ್ನ ತಂಗಿ ಅವಳು, ನಾನು ಮಾತಾಡುತ್ತೇನೆ.

ಏನಾದರೂ ಕಲಿಯಬೇಕು ಅಂತ ಮನಸ್ಸಿದ್ದರೆ ಅದರ ಫೀಸಿನ ವಿಷಯ ನನಗೆ ಬಿಡು. ಇದು ಸಾಲ ಅಲ್ಲ, ದಾನವೂ ಅಲ್ಲ, ನಿನ್ನ ದೊಡ್ಡಮ್ಮನ ಪಾಲು. ಯಾವುದು ಕಲಿಯಬೇಕು ಅಂತ ನೀನೇ ನಾಲ್ಕು ಕಡೆ ವಿಚಾರಿಸಿ, ನೇರ ಹೋಗಿ ಅಲ್ಲಿ ಕಲಿತವರ ಹತ್ತಿರ ಮಾತಾಡಿ, ನನಗೆ ಬರಿ. ಮುಂದಿನ ಪತ್ರದಲ್ಲಿ ಸಿನಿಮಾ ಹೆಸರುಗಳ ಜೊತೆ ಅದೂ ಇರಲಿ.

ಅಕ್ಕನಿಗೆ ನನ್ನ ಆಶೀರ್ವಾದ ತಿಳಿಸು. ಹಾಗೆಯೇ ಕೆಲಸಕ್ಕೆ ಸೇರಿದ ಆ ಗೆಳೆಯನಿಗೆ ಒಂದು ಫೋನ್ ಮಾಡು. ಕೆಲಸ ಹೇಗಿದೆ ಅಂತ ಕೇಳು, ಅವನು ಹೇಳುವುದನ್ನು ಪೂರ್ತಿ ಕೇಳಿಸಿಕೋ. ಅಲ್ಲಿ ಇನ್ನೊಬ್ಬರಿಗೆ ಜಾಗ ಇದೆಯಾ ಅಂತಲೂ ಕೇಳಿಬಿಡು.

ಪ್ರೀತಿಯಿಂದ,
ನಿನ್ನ ದೊಡ್ಡಮ್ಮ